ಚೌಕಟ್ಟಿನ ಹೊರಗೆ ಉಳಿದ ಮಂಚಗಳು

ಮುಪ್ಪು ದೇಹದ ಮೇಲೆ ಗುರುತು ಬಿಡುವುದರಿಂದ ಕ್ಯಾಮೆರಾಕ್ಕೆ ಸುಲಭವಾಗಿ ದಕ್ಕುತ್ತದೆ. ಒಂಟಿತನವಾದರೋ ಮನುಷ್ಯರ ನಡುವೆ ಕಡಿದುಹೋದ ಸಂಬಂಧವಾದ್ದರಿಂದ ಹಾಗೆ ದಕ್ಕುವುದಿಲ್ಲ. ಚೆನ್ನೈನ ವೃದ್ಧಾಶ್ರಮಗಳಲ್ಲಿ ತೆಗೆಯಲಾಗುವ ದಾಖಲೆ ಛಾಯಾಚಿತ್ರಗಳು, ಎಂದರೆ ಬದುಕನ್ನು ಇದ್ದಂತೆ ದಾಖಲಿಸಲು ಹೊರಟ ಚಿತ್ರಗಳು, ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಮರೆತು, ಸುಕ್ಕುಗಟ್ಟಿದ ಕೈಯನ್ನೂ ಕಿಟಕಿಯ ಬೆಳಕನ್ನೂ ಒಂಟಿತನದ ಪುರಾವೆಯೆಂದು ಮುಂದಿಡುತ್ತವೆ.

ಸಾವಿತ್ರಿ ವೈತಿಯವರು ನಿರ್ಗತಿಕ ವೃದ್ಧೆಯರಿಗಾಗಿ 1978ರಲ್ಲಿ ಚೆನ್ನೈನಲ್ಲಿ ಆರಂಭಿಸಿದ ‘ವಿಶ್ರಾಂತಿ’ಯಂಥ ಸಂಸ್ಥೆಯ ಬದುಕು ಸ್ವಭಾವತಃ ಸಾಮೂಹಿಕವಾದುದು, ಇಂಥಲ್ಲಿ ಛಾಯಾಗ್ರಾಹಕ ಪಕ್ಕದ ಮಂಚಗಳನ್ನು ಚೌಕಟ್ಟಿನಿಂದ ಹೊರಗಿಟ್ಟು ಒಬ್ಬಾಕೆಯನ್ನಷ್ಟೇ ಉಳಿಸಿಕೊಂಡರೆ, ನೋಡುಗನನ್ನು ಕಲಕುವ ಏಕಾಂತದಲ್ಲಿ ಒಂದು ಪಾಲು ಆ ಚೌಕಟ್ಟೇ ಸೃಷ್ಟಿಸಿದ್ದಾಗಿರುತ್ತದೆ. ಈ ಪ್ರದೇಶಕ್ಕೆ ಇಂಥ ನೋಟ ಹೊಸದಲ್ಲ. 1876–78ರ ಮದರಾಸು ಕ್ಷಾಮದಲ್ಲಿ ಸೇನಾಧಿಕಾರಿ ವಿಲೋಬಿ ವ್ಯಾಲೇಸ್ ಹೂಪರ್ ಎಲುಬುಗೂಡಾದವರನ್ನು ಸಾಲಾಗಿ ಕೂರಿಸಿ ತೆಗೆದ ಚಿತ್ರಗಳಲ್ಲಿ ಹಸಿವು ಕಾಣುತ್ತದೆ, ಹಸಿದವರ ಹೆಸರು ಕಾಣುವುದಿಲ್ಲ. ದೇಹವನ್ನು ಮಾದರಿಯಾಗಿಸುವ ಆ ದೃಷ್ಟಿ ಇಂದಿನ ಕರುಣಾಜನಕ ಚಿತ್ರಗಳಲ್ಲೂ ಪೂರ್ತಿ ಅಳಿದಿಲ್ಲ.

ಯಾರ ಒಂಟಿತನ ಚಿತ್ರವಾಗುತ್ತದೆ ಎಂಬುದೂ ಗಮನಾರ್ಹ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಅರವತ್ತು ದಾಟಿದವರು ಶೇ. 10.4ರಷ್ಟಿದ್ದರು, ಇವರಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿ ಮೈಲಾಪುರದ ಫ್ಲ್ಯಾಟಿನಲ್ಲಿ ವಿಡಿಯೊ ಕರೆಗಾಗಿ ಕಾಯುವ ದಂಪತಿಯ ಬಾಗಿಲನ್ನು ಛಾಯಾಗ್ರಾಹಕ ಅಷ್ಟು ಸಲೀಸಾಗಿ ದಾಟಲಾರ, ಆದರೆ ಧರ್ಮಾರ್ಥ ಆಶ್ರಮದ ಗೇಟು ದಾನಿಗಳಿಗೆ ತೆರೆದಂತೆ ಅವನಿಗೂ ತೆರೆಯುತ್ತದೆ. ಹೀಗಾಗಿ ಒಂಟಿತನವೆಂದರೆ ಬಡವರ ಪಾಡು ಎಂಬ ತಪ್ಪು ತಿಳಿವಳಿಕೆ ಬೆಳೆಯುತ್ತದೆ.

ಇದಕ್ಕಿಂತ ಭಿನ್ನವಾದ ದಾರಿಯೂ ಇದೆ. ವೃಂದಾವನದ ವಿಧವೆಯರನ್ನು ಕುರಿತ ‘ಮೋಕ್ಷ’ (2005) ಪುಸ್ತಕದಲ್ಲಿ ಛಾಯಾಗ್ರಾಹಕ ಫಜಲ್ ಶೇಖ್ ಅವರು ಭಾವಚಿತ್ರಗಳ ಜೊತೆಗೆ ಆ ಹೆಂಗಸರು ಹೇಳಿಕೊಂಡ ಬದುಕಿನ ಕಥೆಗಳನ್ನೂ ಇಟ್ಟಿರುವುದರಿಂದ, ಮುಖವು ಹೇಳಲಾರದ ಸಂಗತಿ, ಯಾರು ಯಾರಿಂದ ಏಕೆ ದೂರವಾದರು ಎಂಬುದು, ಓದುಗನಿಗೆ ತಿಳಿಯುತ್ತದೆ. ಚೆನ್ನೈನ ಚಿತ್ರಗಳಿಗೆ ಹೆಚ್ಚಾಗಿ ಬೇಕಿರುವುದು ಇದೇ. ಇನ್ನಷ್ಟು ಮೃದುವಾದ ಬೆಳಕು ಖಂಡಿತ ಬೇಕಿಲ್ಲ. ಆದರೆ ಡಿಮೆನ್ಶಿಯಾದಿಂದ, ಅಂದರೆ ನೆನಪೂ ವಿವೇಚನೆಯೂ ಕ್ರಮೇಣ ಕುಂದುವ ಕಾಯಿಲೆಯಿಂದ, ತಮ್ಮ ಕಥೆಯನ್ನೇ ಕಳೆದುಕೊಂಡವರ ವಿಷಯದಲ್ಲಿ ಈ ವಿಧಾನವೂ ಸೋಲುತ್ತದೆ, ಅಂಥವರ ಪರವಾಗಿ ಆಶ್ರಮದ ಆಡಳಿತ ಕೊಡುವ ಒಪ್ಪಿಗೆಯನ್ನು ಅವರದೇ ಒಪ್ಪಿಗೆಯೆಂದು ಎಣಿಸುವುದೂ ಕಷ್ಟ.