ಸದ್ದಿಲ್ಲದ ಉಸಿರು

ಮಧ್ಯಾಹ್ನ ಎರಡರ ಹೊತ್ತಿಗೆ ನಮ್ಮ ಮೀನಿನ ತೊಟ್ಟಿಯ ಮುಂದೆ ಕೂರಬೇಕು. ಹೈಡ್ರಿಲ್ಲಾದ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ ಗುಳ್ಳೆ ಮೂಡಿ, ಹಿಗ್ಗಿ, ಕಳಚಿಕೊಂಡು ಮೇಲೇರುತ್ತದೆ. ನೀರಿಗೆ ಸಾಕಾಗಿ ಉಳಿದ ಆಮ್ಲಜನಕ ಅದು. ಗುರ್‌ಗುಟ್ಟುವ ಏರ್ ಪಂಪನ್ನು ತೆಗೆದಿಟ್ಟ ಮೇಲೆ ಈ ಗಿಡವೆಂದರೆ ನನಗೆ ಬಲು ಅಕ್ಕರೆ. ನಮ್ಮ ಕೆರೆಗಳಲ್ಲಿ ತಾನಾಗಿ ಬೆಳೆಯುವಂಥದ್ದು. ಬೇರಿಲ್ಲದ ತುಂಡು ಹಾಕಿದರೂ ಚಿಗುರುತ್ತದೆ.

ಕತ್ತಲಾದರೆ ಮಾತ್ರ ಅದೂ ಆಮ್ಲಜನಕವನ್ನೇ ಬಳಸುತ್ತದೆ. ಅದಕ್ಕೇ ತೊಟ್ಟಿ ಅಗಲವಾಗಿರಬೇಕು, ಮೀನು ಕಡಿಮೆಯಿರಬೇಕು. ಗಾಳಿ ನೀರಿಗೆ ಬೆರೆಯುವುದು ಮೇಲ್ಮೈಯಲ್ಲಿ. ಬೇಸಿಗೆಯಲ್ಲಿ ಇನ್ನೂ ಎಚ್ಚರ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು, 30 ಡಿಗ್ರಿಯಲ್ಲಿ ಹಿಡಿಯುವುದು 7.5 ಮಾತ್ರ. ಬೆಳಗಿನ ಜಾವ ಗಪ್ಪಿಗಳು ಮೇಲೆ ಬಂದು ಬಾಯಿ ಬಿಡುತ್ತಿವೆಯೇ? ಎದ್ದ ಕೂಡಲೇ ನಾನು ನೋಡುವುದು ಅದನ್ನೇ.