ಶೇಕಡ ಆರರ ಹೊಣೆಗಾರರು

ಶಾಲಾ ಶಿಕ್ಷಣದ ಹಣಕಾಸನ್ನು ಕುರಿತು ಬರೆಯುವವರು ಡಾ. ದೌಲತ್ ಸಿಂಗ್ ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗದ 1966ರ ವರದಿಯನ್ನು ಸ್ಮರಿಸದೆ ಮುಂದುವರಿಯುವುದು ವಿರಳ. ವರದಿಯ ದೃಷ್ಟಿ ವಿಶಾಲವಾದುದು. ಬಡವ ಬಲ್ಲಿದರ ಮಕ್ಕಳು ಒಂದೇ ನೆರೆಹೊರೆಯ ಶಾಲೆಯಲ್ಲಿ ಕಲಿಯಬೇಕೆಂದು ಅಷ್ಟು ಧೈರ್ಯದಿಂದ ನುಡಿದ ಸರಕಾರೀ ಗ್ರಂಥಗಳು ಹೆಚ್ಚಿಲ್ಲ. ಆದರೆ ಅದರಿಂದ ಜನಮನದಲ್ಲಿ ಉಳಿದುದು ಒಂದು ಅಂಕೆ ಮಾತ್ರ: 1985-86ರ ಹೊತ್ತಿಗೆ ರಾಷ್ಟ್ರೀಯ ವರಮಾನದ ಶೇಕಡ 6 ಶಿಕ್ಷಣಕ್ಕೆ ಸಲ್ಲಬೇಕು. ವರದಿಯ ದುರ್ಬಲವಾದ ಭಾಗವೂ ಇದೇ.

ರಾಷ್ಟ್ರೀಯ ವರಮಾನವು ಅರ್ಥಶಾಸ್ತ್ರಜ್ಞರ ಲೆಕ್ಕ. ಅದರ ಮೇಲೆ ಯಾವ ಶಾಸನಸಭೆಯೂ ಮತ ನೀಡುವುದಿಲ್ಲ. ಮತಕ್ಕೆ ಬರುವುದು, ಸಂವಿಧಾನದ 203ನೆಯ ಅನುಚ್ಛೇದದಂತೆ, ರಾಜ್ಯ ವಿಧಾನಸಭೆಯ ಮುಂದಿಡುವ ಅನುದಾನದ ಬೇಡಿಕೆ. 1976ರ 42ನೆಯ ತಿದ್ದುಪಡಿಯು ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ವರ್ಗಾಯಿಸಿತಾದರೂ ಉಪಾಧ್ಯಾಯರ ಸಂಬಳದ ಹೊರೆ ಬಹುಮಟ್ಟಿಗೆ ರಾಜ್ಯಗಳ ಹೆಗಲಿನಲ್ಲಿಯೇ ಉಳಿಯಿತು. ಆ ಆರರಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂಬುದನ್ನು ಅಂಕೆಯು ತಾನಾಗಿ ಹೇಳಲಾರದು.

ಅನಂತರದ ನೀತಿಗಳು ಅವಧಿಯನ್ನೂ ಸಡಿಲಿಸಿದವು. 1968ರ ನೀತಿಯು ಆದಷ್ಟು ಬೇಗ ಎಂದಿತು. 1986ರದು ಎಂಟನೆಯ ಪಂಚವಾರ್ಷಿಕ ಯೋಜನೆಯಿಂದ ಮೊದಲುಗೊಂಡು ಶೇಕಡ 6ನ್ನು ಮೀರುವ ಭರವಸೆಯಿತ್ತಿತು. 2020ರ ನೀತಿಯಲ್ಲಿ ಮತ್ತೆ ಆದಷ್ಟು ಬೇಗ! ಸಾಲಗಾರನ ಹೆಸರಾಗಲಿ ಮರುಪಾವತಿಯ ದಿನಾಂಕವಾಗಲಿ ಇಲ್ಲದ ಪ್ರಾಮಿಸರಿ ನೋಟನ್ನು ಯಾವ ಬ್ಯಾಂಕೂ ಸ್ವೀಕರಿಸದು.

ಆದುದರಿಂದ ವಿಮರ್ಶೆಯ ದೃಷ್ಟಿ ರಾಜ್ಯಗಳ ಆಯವ್ಯಯದ ಅಂಕಣಗಳ ಕಡೆಗೆ ತಿರುಗಬೇಕು. ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಎಂಬ ಮೂರರಲ್ಲಿ ಪತ್ರಿಕೆಗಳು ಕೊಂಡಾಡುವುದು ಮೊದಲನೆಯದನ್ನು. ಶಾಲೆಗೆ ತಲಪುವುದು ಮೂರನೆಯದು. ಅದು ಆಯವ್ಯಯ ಪತ್ರದಲ್ಲಿ ಅಚ್ಚಾಗುವುದು ಅಂದಾಜು ಮಂಡನೆಯಾದ ಎರಡು ವರ್ಷಗಳ ಮೇಲೆ. ಆಗ ಅದನ್ನು ಕುರಿತು ಕೇಳುವವರು ಕಡಮೆ.

ಈ ಅಂತರಕ್ಕೆ ರಾಜ್ಯದ ಆಲಸ್ಯವೊಂದೇ ಕಾರಣವೆನ್ನುವುದು ಅನ್ಯಾಯ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಬಹುತೇಕ ರಾಜ್ಯಗಳ ಮಟ್ಟಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಆ ಅರುವತ್ತು ಬಾರದೆ ನಿಂತರೆ ಅಂದಾಜು ಬರಿಯ ಕಾಗದ. ಪಿ.ಎಂ.ಶ್ರೀ ಶಾಲೆಗಳ ಒಪ್ಪಂದಕ್ಕೆ ಸಮ್ಮತಿಸಲಿಲ್ಲವೆಂದು ತನಗೆ ಸಲ್ಲಬೇಕಾದ 2,000 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಕೇಂದ್ರವು ತಡೆದಿದೆಯೆಂದು ತಮಿಳುನಾಡು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಮೀಸಲಾದ ಶೇಕಡ 25 ಸ್ಥಾನಗಳ ಪ್ರವೇಶವೂ ಆ ವರ್ಷ ಅಲ್ಲಿ ತಡವಾಯಿತು.