ಲಸಿಕಾ ಮೇಳಕ್ಕಿಂತ ಗುರುವಾರ ಮೇಲು

ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಡೋಸ್ ಇರುತ್ತಿತ್ತು. ಸೂಜಿ ಚುಚ್ಚಿದ ಮೇಲೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯಬೇಕಿತ್ತು, ಉಳಿದರೆ ಚೆಲ್ಲಬೇಕಿತ್ತು. 2021ರಲ್ಲಿ ಲಸಿಕೆ ಪೋಲಾದರೆ ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ಹಾಗಾಗಿ ಏಳು ಜನ ಬಂದಿದ್ದರೆ, ಇನ್ನು ಮೂವರು ಬರುವ ತನಕ ಕೂತಿರಿ ಎನ್ನದೆ ನರ್ಸಮ್ಮನಿಗೆ ಬೇರೆ ದಾರಿಯಿರಲಿಲ್ಲ. ಕೂಲಿಗೆ ಹೋಗಬೇಕಾದವರು ಎಷ್ಟು ಹೊತ್ತು ಕೂತಾರು? ಅವರಲ್ಲಿ ಇಬ್ಬರು ಎದ್ದುಹೋದರೆ ಮತ್ತೆ ಐವರು ಬೇಕು.

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳಂಥ ಕಡೆ ಸರ್ಕಾರ ಲಸಿಕೆ ಹಂಚಿದ ಬಗೆಯನ್ನು ತೂಗಬೇಕಾದದ್ದು ಇಂಥ ಜಾಗದಲ್ಲಿ. ಜನರಿಗೆ ತಿಳಿವಳಿಕೆ ಇಲ್ಲ ಎಂಬ ಮಾತನ್ನು ಆಗ ಬಹಳ ಸಲೀಸಾಗಿ ಆಡಿಬಿಟ್ಟರು. ನಂಜನಗೂಡಿಗೆ ಆ ಮಾತು ಅನ್ಯಾಯ. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡಾಗ ಇಡೀ ರಾಜ್ಯ ಈ ಊರಿನ ಕಡೆ ನೋಡಿತ್ತು. ರೋಗ ಏನೆಂದು ಈ ಜನಕ್ಕೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಅಡ್ಡಿಯಾದದ್ದು ವ್ಯವಸ್ಥೆ. 2021ರ ಮೇ 1ರಿಂದ 18 ದಾಟಿದವರಿಗೂ ಲಸಿಕೆ ಎಂದರು, ಆದರೆ ಕೋವಿನ್ ಪೋರ್ಟಲ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಿರಬೇಕಿತ್ತು. ಸ್ಮಾರ್ಟ್‌ಫೋನೂ ನೆಟ್‌ವರ್ಕೂ ಇದ್ದವನು ಸ್ಲಾಟ್ ಹಿಡಿದ, ಇಲ್ಲದವನು ಹೊರಗುಳಿದ. ಎರಡು ವಾರ ತುಂಬುವ ಹೊತ್ತಿಗೆ ದಾಸ್ತಾನು ಸಾಲದೆ ರಾಜ್ಯ ಸರ್ಕಾರವೇ 18-44ರ ವಯಸ್ಸಿನವರ ಲಸಿಕೆಯನ್ನು ನಿಲ್ಲಿಸಿತು. ಕೊರತೆಗೆ ಕೇಂದ್ರದ ಖರೀದಿ ನೀತಿ ಕಾರಣ, ಅದನ್ನು ರಾಜ್ಯದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಇದ್ದಷ್ಟನ್ನು ಯಾವಾಗ, ಎಲ್ಲಿಗೆ ಒಯ್ಯಬೇಕು ಎನ್ನುವುದು ರಾಜ್ಯದ, ಜಿಲ್ಲೆಯ ಕೈಯಲ್ಲೇ ಇತ್ತು.

ಜೂನ್ 21ರಂದು ಆ ಖರೀದಿ ನೀತಿ ಬದಲಾದ ನಂತರ ಪೂರೈಕೆ ಸುಧಾರಿಸುತ್ತಾ ಬಂತು. ಅಷ್ಟರಲ್ಲಿ ಜುಲೈ, ಆಗಸ್ಟ್. ಕಾವೇರಿ, ಕಪಿಲೆಯ ನಾಲೆಗಳಿಗೆ ನೀರು ಬಿಟ್ಟು ನಾಟಿ ಶುರುವಾಗುವ ಕಾಲ. ಸೂಜಿ ಹಾಕಿಸಿಕೊಂಡ ರಾತ್ರಿ ಜ್ವರ, ಮೈಕೈ ನೋವು ಬಂದರೆ ಮರುದಿನದ ಕೂಲಿ ಹೋಯಿತು. ನಾಟಿ ಹಾಕುವ ಹೆಣ್ಣುಮಕ್ಕಳಿಗೆ ವರ್ಷದಲ್ಲಿ ಕೈತುಂಬ ಕೆಲಸ ಸಿಗುವ ದಿನಗಳೇ ಅವು. "ನಾಟಿ ಮುಗೀಲಿ, ಆಮೇಲೆ ಹಾಕಿಸ್ಕೋತೀನಿ ಕಣಕ್ಕ" ಎಂದು ಒಬ್ಬಾಕೆ ಆಶಾ ಕಾರ್ಯಕರ್ತೆಗೆ ಹೇಳಿದರೆ ಅದು ಮೂಢನಂಬಿಕೆಯಲ್ಲ, ಮನೆ ನಡೆಸುವವಳ ಲೆಕ್ಕಾಚಾರ. ಆ ಒಂದು ದಿನದ ಕೂಲಿಯನ್ನು ತುಂಬಿಕೊಡುವ ಯೋಚನೆಯೇ ಲಸಿಕೆಯ ಯೋಜನೆಯಲ್ಲಿ ಇರಲಿಲ್ಲ. ನನ್ನ ದೊಡ್ಡ ತಕರಾರು ಇದು.

ಸೆಪ್ಟೆಂಬರ್ 17ರ ಲಸಿಕಾ ಮಹಾಮೇಳದಲ್ಲಿ ರಾಜ್ಯ ಒಂದೇ ದಿನ 25 ಲಕ್ಷಕ್ಕೂ ಹೆಚ್ಚು ಡೋಸ್ ಹಾಕಿತು. ಸಿಬ್ಬಂದಿಯ ದುಡಿಮೆಗೆ ಕೈಮುಗಿಯಬೇಕು. ಆದರೆ ಒಂದು ದಿನದ ದಾಖಲೆಯನ್ನು ಯಶಸ್ಸಿನ ಅಳತೆಗೋಲು ಮಾಡುವುದನ್ನು ನಾನು ಒಪ್ಪುವುದಿಲ್ಲ. ಗುರಿಯ ಒತ್ತಡ ಏನು ಮಾಡೀತು ಎಂಬ ಆತಂಕ ಈ ಜಿಲ್ಲೆಗೆ ಹೊಸದಲ್ಲ. 2020ರ ಆಗಸ್ಟ್‌ನಲ್ಲಿ ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ತೀರಿಕೊಂಡಾಗ, ಕೋವಿಡ್ ಪರೀಕ್ಷೆಗಳ ಗುರಿ ಮುಟ್ಟಿಸುವ ಒತ್ತಡವೇ ಕಾರಣವೆಂದು ಆರೋಪಿಸಿ ವೈದ್ಯರು ಪ್ರತಿಭಟಿಸಿದ್ದರು.

ಒಳ್ಳೆಯ ಮಾದರಿ ಕಣ್ಣೆದುರೇ ಇತ್ತು. ಪ್ರತಿ ಗುರುವಾರ ಮಕ್ಕಳ ಲಸಿಕೆ. ಐಸ್ ಪ್ಯಾಕ್ ಜೋಡಿಸಿದ ಪೆಟ್ಟಿಗೆ ಅಂಗನವಾಡಿಗೆ ಬರುತ್ತದೆ, ನರ್ಸಮ್ಮ 'ತಾಯಿ ಕಾರ್ಡ್' ನೋಡಿ ಯಾವ ಸೂಜಿ ಬಾಕಿ ಎಂದು ಹೇಳುತ್ತಾರೆ. ಯಾವ ಕೂಸಿಗೆ ಈ ವಾರ ಸರದಿ ಎಂಬುದು ಆಶಾಗೆ ಗೊತ್ತಿರುತ್ತದೆ, ತಪ್ಪಿಸಿಕೊಂಡರೆ ಅವರೇ ಮನೆಗೆ ಹೋಗಿ ಕರೆಯುತ್ತಾರೆ. ಈ ವಾರ ಆಗದಿದ್ದರೆ ಮುಂದಿನ ಗುರುವಾರ ಇದ್ದೇ ಇದೆ. ಈ ಭರವಸೆ ಮೇಳದಲ್ಲಿಲ್ಲ. ಕೋವಿಡ್ ಲಸಿಕೆಗೂ ಮನೆಮನೆಗೆ ಹೋಗುವ ದೇಶವ್ಯಾಪಿ ಅಭಿಯಾನ ಬಂತು, ಆದರೆ 2021ರ ನವೆಂಬರ್‌ನಲ್ಲಿ, ಎರಡನೇ ಅಲೆ ಹೆಣಗಳನ್ನು ಎಣಿಸಿ ಹೋದ ಮೇಲೆ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದರು.

ಹಾಗೆ ಮನೆಮನೆ ಸುತ್ತಿದ ಆಶಾಗಳು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆಯಬೇಕಾಯಿತು. ಮುಂದಿನ ಯಾವುದೇ ಲಸಿಕೆಯ ಬಜೆಟ್ ಬರೆಯುವಾಗ ಸೀಸೆ, ಸಿರಿಂಜುಗಳ ವೆಚ್ಚದ ಜೊತೆಗೇ ಇವರ ಗೌರವಧನವನ್ನೂ ಕೂಲಿಯವರ ಒಂದು ದಿನದ ಪಗಾರವನ್ನೂ ಸೇರಿಸಬೇಕು.